ಇಲ್ಲ ಎಂದು ಹೇಳದ ಪುಟ

ಹೋದ ಬೇಸಿಗೆಯಲ್ಲಿ ಪಹಣಿ ತೆಗೆಸಲೆಂದು ಔರಾದಿಗೆ ಹೋಗಿದ್ದೆ. ತಹಸೀಲ್ ಕಚೇರಿಯ ಎದುರಿಗೆ ಒಂದು ಚಿಕ್ಕ ಆನ್‌ಲೈನ್ ಅಂಗಡಿ. ಕೂಲರಿನ ಹುಲ್ಲಿಗೆ ಆಗಷ್ಟೇ ನೀರು ಸುರಿದಿದ್ದರು. ಒದ್ದೆ ಹುಲ್ಲಿನ ವಾಸನೆ, ಕಾದ ಪ್ರಿಂಟರಿನ ವಾಸನೆ ಎರಡೂ ಕೂಡಿ ಮೂಗಿಗೆ ಬಡಿದವು. ನಾನೂ ಒಂದು ಕಾಲಕ್ಕೆ ಭಾಲ್ಕಿಯಲ್ಲಿ ಇಂಥದೇ ಅಂಗಡಿ ನಡೆಸಿದವಳು. ಖುಷಿಯಿಂದಲೇ ಕುರ್ಚಿ ಎಳೆದುಕೊಂಡು ಕೂತೆ. ಅಂಗಡಿಯಾತ ವೆಬ್‌ಸೈಟಿನ ವಿಳಾಸ ಟೈಪ್ ಮಾಡಿದ. ಹೊಲದ ವಿವರ ಬರಬೇಕಾದ ಕಡೆ ಬಣ್ಣಬಣ್ಣದ ಚಕ್ರವೊಂದು ಗಿರಗಿರ ತಿರುಗಿ, ನೀವು ಮೊಬೈಲ್ ಗೆದ್ದಿದ್ದೀರಿ ಎಂದಿತು.

ಆತ ನಕ್ಕ. "ಒಂದಕ್ಷರ ಹೆಚ್ಚುಕಮ್ಮಿ ಆತ್ರಿ ಮೇಡಂ. ಎಲ್ಲೋ ಹೋತು."

"ಅದು ತಾನಾಗೇ ಎಲ್ಲೂ ಹೋಗಂಗಿಲ್ಲ," ಎಂದೆ. "ಒಯ್ಯಾವ್ರು ಇರ್ತಾರ. ದಾರಿ ತಪ್ಪಿದವ್ರನ್ನ ಕೈ ಹಿಡಿದು ತಮ್ಮ ಮನಿಗಿ ಒಯ್ಯಾವ್ರು."

ನನ್ನ ದನಿ ಏರಿತ್ತು. ಸರದಿಯಲ್ಲಿ ಕಾಯುತ್ತಿದ್ದವರು ತಿರುಗಿ ನೋಡಿದರು. ಅಂಗಡಿಯಾತ ಗಾಬರಿಯಾಗಿ ನನ್ನ ಮುಂದೆ ನೀರಿನ ಬಾಟಲಿ ಇಟ್ಟ. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ತಲೆ ಕೆಟ್ಟದ್ದು ನಿಜ, ಆದರೆ ಆ ದಿನದ ಬಿಸಿಲಿಗಲ್ಲ.

ಅದು ಕೆಟ್ಟದ್ದು ಹಲವು ವರ್ಷಗಳ ಹಿಂದೆ, ಮಳೆ ಬೆನ್ನುಬೆನ್ನಿಗೆ ಎರಡನೇ ಸಲ ಕೈಕೊಟ್ಟ ವರ್ಷ. ಕಾರಂಜಾ ಹೊಳೆಯ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ತೊಗರಿ ಮೊಣಕಾಲಿನ ಮಟ್ಟಕ್ಕೆ ಬಂದು ಒಣಗಿ ನಿಂತಿತ್ತು. ಭಾಲ್ಕಿಯ ಬಸ್ ನಿಲ್ದಾಣದ ಪಕ್ಕದ ಸಂದಿಯಲ್ಲಿ ನನ್ನ ಅಂಗಡಿ. ಮೂರು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಕೂಲರು. ಬಾಗಿಲಲ್ಲಿ ನಿಂತರೆ ಹೈದರಾಬಾದ್ ಬಸ್ಸುಗಳು ಕಾಣುತ್ತಿದ್ದವು. ಹಾಸಿಗೆಯ ಗಂಟು, ಪ್ಲಾಸ್ಟಿಕ್ ಕೊಡ, ರೊಟ್ಟಿ ಬಡಿಯುವ ಕಲ್ಲು, ಕಂಕುಳಲ್ಲಿ ಕೂಸು, ಎಲ್ಲ ಹೊತ್ತುಕೊಂಡು ಜನ ಹೋಗುತ್ತಲೇ ಇದ್ದರು. ಕೂಲರಿಗೆ ಆ ವರ್ಷ ನೀರು ಕಾಣಿಸಲಿಲ್ಲ. ಓಣಿಯ ಹೆಂಗಸರು ಟ್ಯಾಂಕರಿನ ಹಿಂದೆ ಓಡುವಾಗ ಹುಲ್ಲು ತೋಯಿಸಿಕೊಂಡು ತಂಪಾಗಿ ಕೂರಲು ನಾನೇನು ನವಾಬರ ಮೊಮ್ಮಗಳೇ?

ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ವಿಳಾಸವನ್ನು ನಾನು ಟೈಪ್ ಮಾಡುತ್ತಿರಲಿಲ್ಲ. ಫಲಿತಾಂಶದ್ದು, ವಿದ್ಯಾರ್ಥಿವೇತನದ್ದು, ಹಾಸ್ಟೆಲಿನದ್ದು, ಎಲ್ಲವನ್ನೂ ಗೋಡೆಯ ಮೇಲೆ ಪೇಂಟರನಿಂದ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದೆ. ಬಂದವರು ಗೋಡೆ ನೋಡಿ ತಾವೇ ಒತ್ತಬೇಕು. ಅದರಲ್ಲೂ ಹೆಣ್ಣುಮಕ್ಕಳು. "ಅಕ್ಕಾ, ನೀವೇ ಮಾಡಿಕೊಡ್ರಿ" ಎಂದು ಓಲೈಸಿದರೆ, "ನಾಳೆ ನಿನ್ನ ಅತ್ತಿ ಮನಿಗೂ ನಾನೇ ಬರ್ಲೇನು?" ಎಂದು ಕೂರಿಸುತ್ತಿದ್ದೆ. ಮೊದಲು ಒಂದು ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದವರು ನಾಲ್ಕು ಸಲ ಬಂದರೆ ಎರಡೂ ಕೈ ಬಳಸುತ್ತಿದ್ದರು. ಆ ಪದ್ಧತಿಯ ಬಗ್ಗೆ ನನಗೆ ಹೆಮ್ಮೆ ಇತ್ತು, ಇಂದಿಗೂ ಇದೆ. ನೀನೇ ಒತ್ತಿದ್ದರೆ ಹಾಗಾಗುತ್ತಿರಲಿಲ್ಲ ಎಂದು ಆಮೇಲೆ ಕೆಲವರು ಅಂದರು. ನಾನು ಆ ಮಾತನ್ನು ಮನೆಯೊಳಗೆ ಬಿಟ್ಟುಕೊಂಡಿಲ್ಲ. ಬೆರಳು ಎಲ್ಲರದೂ ಜಾರುತ್ತದೆ. ಜಾರಿದವರು ಎಲ್ಲಿ ಬೀಳಬೇಕು ಎಂದು ನಿರ್ಧರಿಸಿದವರು ಬೇರೆಯೇ ಇದ್ದಾರೆ.

ಮೊದಲೂ ವಿಳಾಸ ತಪ್ಪುತ್ತಿತ್ತು. ತಪ್ಪಿದರೆ ಒಂದು ಬಿಳಿ ಪುಟ ಬರುತ್ತಿತ್ತು, ಇಂಥ ಪುಟ ಇಲ್ಲ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ನಾವು ಅದನ್ನು ಬೈಯುತ್ತಿದ್ದೆವು. "ಅಕ್ಕಾ, ಮತ್ತ ಬೆಳ್ಳಗ ಆತು" ಎಂದು ಮಕ್ಕಳು ಕೂಗಿದರೆ, "ಗ್ವಾಡಿ ನೋಡು, ಸರಿಯಾಗಿ ಒತ್ತು" ಎನ್ನುತ್ತಿದ್ದೆ. ಆ ವರ್ಷ ಹೊಸ ಇಂಟರ್ನೆಟ್ ಸಂಪರ್ಕ ತೆಗೆದುಕೊಂಡೆ. ಬಿಳಿ ಪುಟ ಬರುವುದೇ ನಿಂತುಹೋಯಿತು. ಏನು ಒತ್ತಿದರೂ ಏನಾದರೊಂದು ತೆರೆದುಕೊಳ್ಳುತ್ತಿತ್ತು. ಕೆಲವು ಸಲ ಜಾಹೀರಾತು, ಕೆಲವು ಸಲ ಜಾತಕ, ಕೆಲವು ಸಲ ನೋಡಬಾರದ ಚಿತ್ರಗಳು. ನಾನು ಓಡಿಹೋಗಿ ಮುಚ್ಚುತ್ತಿದ್ದೆ. ಕಂಪನಿಗೆ ಫೋನ್ ಮಾಡಿದರೆ ಅತ್ತ ಕಡೆಯ ಹುಡುಗಿ ನಯವಾಗಿ, ಇದು ಗ್ರಾಹಕರ ಅನುಕೂಲಕ್ಕಾಗಿ ಮಾಡಿದ್ದು ಮೇಡಂ ಎಂದಳು. ಅನುಕೂಲ ಎಂಬ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಸುನೀತಾ ಖಟಕ ಚಿಂಚೋಳಿಯವಳು, ಅಲ್ಲಿಯ ಬುದ್ಧ ವಿಹಾರದ ಹಿಂದಿನ ಓಣಿಯ ಹುಡುಗಿ. ಎಸ್ಸೆಸ್ಸೆಲ್ಸಿಯ ಫಲಿತಾಂಶ ನೋಡಲು ಬಂದಳು, ಪ್ರಥಮ ದರ್ಜೆ. ಕುಣಿಯಲಿಲ್ಲ. ಅಂಕಗಳನ್ನು ಮತ್ತೊಮ್ಮೆ ಓದಿ, "ಅಕ್ಕಾ, ಹಾಸ್ಟೆಲಿಂದು ಯಾವಾಗ ಬಿಡ್ತಾರ?" ಎಂದು ಕೇಳಿದಳು. ಅಪ್ಪ ಮಾರುತಿ, ಅವ್ವ ಇಬ್ಬರೂ ಚಳಿಗಾಲದಲ್ಲೇ ಹೈದರಾಬಾದಿಗೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರಿದ್ದರು. ಪರೀಕ್ಷೆ ಮುಗಿಯಲೆಂದು ಇವಳನ್ನು ಅಜ್ಜಿಯ ಜೊತೆ ಬಿಟ್ಟಿದ್ದರು. ಮಾರುತಿ ಮಗಳಿಗೆ ಒಂದು ಮಾತು ಹೇಳಿ ಹೋಗಿದ್ದ. ಬೀದರಿನ ಹಾಸ್ಟೆಲಿನಲ್ಲಿ ಜಾಗ ಸಿಕ್ಕರೆ ಓದು, ಸಿಗದಿದ್ದರೆ ಅಜ್ಜಿಯನ್ನು ಕರೆದುಕೊಂಡು ನಮ್ಮ ಬಳಿಗೆ ಬಾ, ಈ ವರ್ಷ ಎರಡು ಕಡೆ ಒಲೆ ಹೊತ್ತಿಸಲು ಆಗುವುದಿಲ್ಲ. ಅವಳ ಓದು ನಿಂತಿದ್ದದ್ದು ಆ ಒಂದು ಅರ್ಜಿಯ ಮೇಲೆ.

ಅರ್ಜಿಯ ಕೊನೆಯ ದಿನಗಳಲ್ಲಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರೆಂಟು ಯಾವಾಗ ಹೋಗುತ್ತದೋ ಎಂದು ಎಲ್ಲರ ಕಣ್ಣು ಬಲ್ಬಿನ ಮೇಲೆ. ಸುನೀತಾ ಮೂಲೆಯ ಕಂಪ್ಯೂಟರಿನಲ್ಲಿ ಕೂತು ಗೋಡೆ ನೋಡುತ್ತ ವಿಳಾಸ ಒತ್ತಿದಳು. ಪುಟ ತೆರೆಯಿತು. ಮೇಲೆ ಗೋಪುರದ ಚಿತ್ರದ ಮುದ್ರೆ, ಕೆಳಗೆ ಸಮವಸ್ತ್ರದ ಹುಡುಗಿಯರು, ಪ್ರವೇಶ ಮತ್ತು ವಸತಿ ಎಂಬ ತಲೆಬರಹ. ನಾನೂ ಬಗ್ಗಿ ನೋಡಿದೆ. ಇಲಾಖೆಯ ಪುಟಕ್ಕಿಂತ ಅದೇ ಹೆಚ್ಚು ಅಚ್ಚುಕಟ್ಟಾಗಿತ್ತು, ಸುಳ್ಳಿಗೆ ಮೇಕಪ್ಪು ಜಾಸ್ತಿ. ಹೆಸರು, ಊರು, ಜಾತಿ, ಅಂಕ, ತಂದೆಯ ಮೊಬೈಲ್ ನಂಬರು ಎಲ್ಲ ಕೇಳಿತು. ಎಲ್ಲ ತುಂಬಿದಳು. ಕೊನೆಗೆ ನಿಮ್ಮ ಅರ್ಜಿ ತಲುಪಿದೆ ಎಂದು ಒಂದು ಸಂಖ್ಯೆ ಬಂತು. ಅದನ್ನು ಪ್ರಿಂಟು ತೆಗೆದುಕೊಟ್ಟವಳು ನಾನೇ. ಆಕೆ ಹಾಳೆಯನ್ನು ಎರಡೂ ಕೈಯಿಂದ ಇಸಕೊಂಡಳು.

"ಆತಲ್ಲ?" ಎಂದೆ.

"ಆತ್ರಿ ಅಕ್ಕಾ," ಎಂದಳು. ಆಗ ಮೊದಲ ಸಲ ನಕ್ಕಳು.

ಆ ನಗು ನೋಡಿ ನನಗೇನಾಯಿತೋ, ಹಿಂದಿನ ಕೋಣೆಯಲ್ಲಿ ಮುಚ್ಚಿಟ್ಟಿದ್ದ ಬಕೆಟ್ಟಿನಿಂದ ಒಂದು ತಂಬಿಗೆ ನೀರು ತಂದು ಕೂಲರಿನ ಹುಲ್ಲಿಗೆ ಸುರಿದೆ. ಅಂಗಡಿ ತುಂಬ ಆ ವಾಸನೆ ಹರಡಿತು. ಮಕ್ಕಳೆಲ್ಲ ಹೋ ಎಂದರು. ಇಡೀ ಬೇಸಿಗೆಯಲ್ಲಿ ನಾನು ಮಾಡಿದ ಐಷಾರಾಮ ಅದೊಂದೇ.

ಕೆಲವು ದಿನಗಳಾದ ಮೇಲೆ ಮಾರುತಿಯ ಫೋನಿಗೆ ಕರೆ ಬಂತು. ಹಿಂದಿಯಲ್ಲಿ ಮಾತಾಡುವ ಹೆಂಗಸು, ಬಹಳ ಮರ್ಯಾದೆಯ ದನಿ. ಬೇಟಿಯ ಸೀಟು ಪಕ್ಕಾ ಆಗಿದೆ, ಹಾಸ್ಟೆಲೂ ಇದೆ, ಊಟವೂ ಇದೆ, ಕಳಿಸಿಕೊಡಿ, ಉಳಿದದ್ದು ಬಂದ ಮೇಲೆ ಮಾತಾಡೋಣ ಎಂದಳಂತೆ. ಆಕೆ ಯಾವುದೋ ದೂರದ ಊರಿನ ಖಾಸಗಿ ಕಾಲೇಜಿಗೆ ಗಿರಾಕಿ ಹಿಡಿಯುವವಳು ಎಂಬುದು ನಮಗೆ ಆಮೇಲೆ ಗೊತ್ತಾಯಿತು. ವಿಳಾಸ ಮೆಸೇಜಿನಲ್ಲಿ ಬಂದಿತ್ತು, ಇಂಗ್ಲಿಷಿನಲ್ಲಿ. ಮಾರುತಿ ಅದನ್ನು ಯಾರಿಗೂ ತೋರಿಸಲಿಲ್ಲ. ತೋರಿಸುವುದೇನಿತ್ತು? ಬೀದರಿನ ಹಾಸ್ಟೆಲ್ ಎಲ್ಲಿದೆ ಎಂದು ಅವನಿಗೆ ಗೊತ್ತಿಲ್ಲವೇ? ಕೆಲಸದ ಜಾಗದಲ್ಲಿ ಎಲ್ಲರಿಗೂ ಪೇಢೆ ಹಂಚಿದ. ಒಂದು ದಿನದ ರಜೆ ಹಾಕಿ ಊರಿಗೆ ಬಂದು ಮಗಳಿಗೆ ಹೊಸ ಟ್ರಂಕು ಕೊಡಿಸಿದ, ಬೀದರಿನ ಬಸ್ಸಿಗೆ ಹತ್ತಿಸಿದ. ಮನೆಗೆ ಬೀಗ ಹಾಕಿ, ಮುದುಕಿಯನ್ನು ಕರೆದುಕೊಂಡು ಹೈದರಾಬಾದಿನ ಬಸ್ಸು ಹಿಡಿದ. ಮಗಳು ನೆಲೆ ಕಂಡಳೆಂಬ ನಂಬಿಕೆಯಿಂದ ಆತ ಊರಿನ ಬಾಗಿಲು ಮುಚ್ಚಿದ.

ಅದೇ ಮಧ್ಯಾಹ್ನ ಬೀದರಿನಿಂದ ನನಗೆ ಫೋನು. ಯಾರದೋ ಮೊಬೈಲಿನಿಂದ ಸುನೀತಾ.

"ಅಕ್ಕಾ, ಇಲ್ಲಿ ನನ್ನ ಹೆಸರಿಲ್ಲ ಅಂತಾರ್ರಿ."

ಅಂಗಡಿಗೆ ಬೀಗ ಜಡಿದು ಸಿಕ್ಕ ಬಸ್ಸು ಹತ್ತಿದೆ. ಹಾಸ್ಟೆಲಿನ ಗೇಟಿನ ಹೊರಗೆ, ಬೇವಿನ ಗಿಡದ ಅರೆನೆರಳಿನಲ್ಲಿ, ಟ್ರಂಕಿನ ಮೇಲೆ ಕೂತಿದ್ದಳು. ಬೇರೆ ಹುಡುಗಿಯರು ತಂದೆ ತಾಯಿಯರ ಜೊತೆ ಒಳಗೆ ಹೋಗುತ್ತಿದ್ದರು. ಇವಳು ಅವರಿಗೆ ದಾರಿ ಬಿಡಲು ಟ್ರಂಕನ್ನು ಮತ್ತಷ್ಟು ಗೋಡೆಗೆ ಸರಿಸಿಕೊಂಡಿದ್ದಳು. ಅಳುತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳುತ್ತಿರಲಿಲ್ಲ. ಪ್ರಿಂಟಿನ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚದೆ ಇಟ್ಟುಕೊಂಡಿದ್ದಳು.

ಹಾಸ್ಟೆಲಿನವರು ಕಚೇರಿಗೆ ಕಳಿಸಿದರು. ಅಲ್ಲಿಯ ಅಧಿಕಾರಿ ಹಾಳೆಯನ್ನು ತಿರುಗಿಸಿ ನೋಡಿ, "ಇದು ನಮ್ಮದಲ್ಲರಿ" ಎಂದರು.

"ಮತ್ತ ಯಾರದರಿ?"

"ಯಾರದರ ಇರ್ಲಿ. ಹುಡುಗಿ ಅಡ್ರೆಸ್ ತಪ್ಪ ಹೊಡದಾಳ. ತಪ್ಪು ಆಕಿದು. ನಾವೇನ್ ಮಾಡ್ಬೇಕು ಹೇಳ್ರಿ."

ಸುನೀತಾ ನೆಲ ನೋಡಿದಳು. ನನಗೆ ತಡೆಯಲಿಲ್ಲ. ಊರಿನ ವಿಳಾಸ ತಪ್ಪು ಬರೆದರೆ ಪೋಸ್ಟಿನವನು ಕಾಗದ ವಾಪಸ್ ತರುತ್ತಾನೆ, ಅದನ್ನು ಒಡೆದು ಓದಿ ತಾನೇ ಉತ್ತರ ಬರೆಯುವುದಿಲ್ಲ ಎಂದೆ. ಆ ಮನುಷ್ಯ ಕೆಟ್ಟವರೇನಲ್ಲ. ನನ್ನನ್ನು ಸುಮ್ಮನಾಗಿಸಲು, ಸರಿಯಾದ ಪುಟ ತೋರಿಸುತ್ತೇನೆ ಬರ್ರಿ ಎಂದು ತಮ್ಮ ಕಂಪ್ಯೂಟರಿನ ಮುಂದೆ ಕೂತರು. ದಿನಕ್ಕೆ ಹತ್ತಾರು ಸಲ ಒತ್ತುವ ವಿಳಾಸ. ಸರಸರ ಒತ್ತಿದರು. ತೆರೆಯ ಮೇಲೆ ಅದೇ ಗೋಪುರದ ಮುದ್ರೆ, ಅದೇ ಸಮವಸ್ತ್ರದ ಹುಡುಗಿಯರು.

ಅವರು ಬೇಗನೆ ಅದನ್ನು ಮುಚ್ಚಿ, ಎರಡನೇ ಸಲ ನಿಧಾನವಾಗಿ ಒತ್ತಿ ಸರಿಯಾದದ್ದು ತಂದರು. "ನಮಗೂ ಒಮ್ಮೊಮ್ಮೆ ಆಗ್ತದ್ರಿ," ಎಂದರು.

"ನಿಮಗ ಆದ್ರ ಮತ್ತೊಮ್ಮಿ ಒತ್ತತೀರಿ. ಆಕಿಗಿ ಆದ್ರ?"

"ಪಟ್ಟಿ ಬೆಂಗಳೂರಿಗೆ ಹೋಗ್ಯದ. ಜಾಗ ಎಲ್ಲಾ ತುಂಬ್ಯಾವ. ನನ್ನ ಕೈಯಾಗ ಏನೂ ಇಲ್ಲರಿ ಅಕ್ಕಾ." ಆಮೇಲೆ ಸುನೀತಾಳಿಗೆ, "ಮುಂದಿನ ವರ್ಷ ಹಾಕವ್ವಾ" ಎಂದರು. ಮುಂದಿನ ವರ್ಷ ಎಂಬುದು ಪಕ್ಕದ ಕೋಣೆಯಲ್ಲಿ ಇಟ್ಟ ವಸ್ತುವಿನಂತೆ ಅವರು ಮಾತಾಡಿದರು. ಆದರೂ ಮಾರುತಿಯ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲಿಟ್ಟು ಬಂದೆ.

ಅವರ ಮೇಲೆ ನನಗೆ ಬಂದ ಸಿಟ್ಟು ಆ ಸಂಜೆಗೇ ಇಳಿಯಿತು. ಇಳಿಯದ ಸಿಟ್ಟು ಬೇರೆಯದು. ಯಾರೋ ಎಲ್ಲೋ ತಂಪಾದ ಕೋಣೆಯಲ್ಲಿ ಕೂತು, ಅವಸರದಲ್ಲಿರುವ ಮಕ್ಕಳ ಬೆರಳು ಎಲ್ಲಿ ಜಾರುತ್ತದೆ ಎಂದು ಮೊದಲೇ ಯೋಚಿಸಿದ್ದಾರೆ. ಆ ಜಾರುವ ಜಾಗಗಳ ವಿಳಾಸಗಳನ್ನು ಹುಡುಕಿ, ದುಡ್ಡು ಕೊಟ್ಟು ಕೊಂಡಿದ್ದಾರೆ. ಅಲ್ಲಿ ಮುದ್ರೆ ಹಚ್ಚಿ, ಚಿತ್ರ ಅಂಟಿಸಿ, ಕಾದು ಕೂತಿದ್ದಾರೆ. ನಮ್ಮ ಕಡೆ ಗುಬ್ಬಿ ಹಿಡಿಯುವವರೂ ಬಲೆ ಹಾಸುತ್ತಾರೆ, ಆದರೆ ಅದಕ್ಕೆ ಅನುಕೂಲ ಎಂದು ಹೆಸರಿಡುವುದಿಲ್ಲ. ಇನ್ನು ನನಗೆ ಸಂಪರ್ಕ ಕೊಟ್ಟ ಕಂಪನಿ, ಪುಟ ತೆರೆದು ತೋರಿಸುವ ಬ್ರೌಸರು ಮಾಡಿದವರು, ಇವರೆಲ್ಲ ಸೇರಿ ಬಿಳಿ ಪುಟವನ್ನು ತೆಗೆದುಹಾಕಿದರು. ಇಲ್ಲ ಎಂದು ಹೇಳುವುದರಲ್ಲಿ ಅವರಿಗೆ ಲಾಭವಿರಲಿಲ್ಲ.

ಬಸ್ಸಿಳಿದು ಖಟಕ ಚಿಂಚೋಳಿಗೆ ಸೇರುವಾಗ ಹೊತ್ತು ಇಳಿದಿತ್ತು. ಟ್ರಂಕಿನ ಒಂದು ಕಡೆ ಅವಳು, ಒಂದು ಕಡೆ ನಾನು. ಓಣಿಯಲ್ಲಿ ಅರ್ಧದಷ್ಟು ಮನೆಗಳಿಗೆ ಬೀಗ. ಬೀಗ ಹಾಕಿದ ಪ್ರತಿ ಬಾಗಿಲಿಗೂ ಅಡ್ಡಲಾಗಿ ಒಂದು ಜಾಲಿ ಮುಳ್ಳಿನ ಟೊಂಗೆ. ದುಡಿಯಲು ಹೋಗುವವರು ಹಾಗೆ ಮುಳ್ಳು ಇಟ್ಟೇ ಹೋಗುತ್ತಾರೆ. ಕಟ್ಟೆಯ ಮೇಲೆ ನಾಯಿ ಮಲಗಬಾರದು ಎಂಬುದು ಒಂದು, ಬಂದವರಿಗೆ ದೂರದಿಂದಲೇ ತಿಳಿಯಲಿ ಎಂಬುದು ಇನ್ನೊಂದು. ಮಾರುತಿಯೂ ಬೆಳಿಗ್ಗೆ ಇಟ್ಟು ಹೋಗಿದ್ದ. ಮುಳ್ಳಿನ ಎಲೆ ಇನ್ನೂ ಹಸಿರಾಗಿತ್ತು. ಸುನೀತಾ ತನ್ನ ಮನೆಯ ಮುಂದೆ ನಿಂತಳು. ಎದುರುಮನೆಯ ಕಾಶಮ್ಮ ಮಬ್ಬಿನಲ್ಲಿ ಗುರುತು ಹತ್ತದೆ, ಕೂತಲ್ಲಿಂದಲೇ ಹೇಳಿದಳು:

"ಯಾರವ್ವಾ? ಆ ಮನ್ಯಾಗ ಯಾರೂ ಇಲ್ಲ. ಹೈದ್ರಾಬಾದಕ್ಕ ಹೋಗ್ಯಾರ."

"ನಾ ಸುನೀತಾ, ಕಾಶಮ್ಮಾಯಿ."

ಕಾಶಮ್ಮ ಎದ್ದು ಬಂದು ಅವಳ ಮುಖ ಸವರಿದಳು. ಒಳಗೆ ಹೋಗಿ ಎರಡು ರೊಟ್ಟಿ ಬಡಿದಳು. ನಾನು ಕಟ್ಟೆಯ ಮೇಲೆ ಕೂತು ಆ ಸಾಲು ಮುಳ್ಳುಗಳನ್ನೇ ನೋಡುತ್ತಿದ್ದೆ. ಬರ ಬಿದ್ದ ಊರು, ಕುಡಿಯಲು ನೀರಿಲ್ಲ, ಆದರೂ ಬಂದವರಿಗೆ ನಿಜ ಹೇಳುತ್ತದೆ. ಇಲ್ಲಿ ಯಾರೂ ಇಲ್ಲ, ತಿರುಗಿ ಹೋಗು, ಸರಿಯಾದ ಕಡೆ ಹುಡುಕು ಎನ್ನುತ್ತದೆ. ಈ ಓಣಿಯಲ್ಲಿ ಎಂಥ ಕಳ್ಳನೂ ಬೇರೆಯವರ ಬೀಗ ತೆಗೆದು ಕೂತು, ಬಂದ ನೆಂಟರಿಗೆ ಬಾರವ್ವ ಇದೇ ನಿಮ್ಮ ಮನೆ ಎಂದು ಹೇಳಿಲ್ಲ.

ಅಲ್ಲಿಂದಲೇ ಮಾರುತಿಗೆ ಫೋನ್ ಮಾಡಿದೆ. ಎಲ್ಲ ಹೇಳಿ, "ನಿಮ್ಮ ಮಗಳನ್ನ ನನ್ನ ಮನ್ಯಾಗ ಇಟ್ಕೋತೀನಿ. ಭಾಲ್ಕಿ ಕಾಲೇಜಿಗೆ ಹಾಕೋಣ" ಎಂದೆ.

ಆತ ಒಪ್ಪಲಿಲ್ಲ. "ಅಕ್ಕಾ, ನಿಮ್ಮ ಮನಸ್ಸು ದೊಡ್ಡದದ. ಆದ್ರ ಹರೇದ ಹುಡುಗಿನ್ನ ಮತ್ತೊಬ್ಬರ ಮನ್ಯಾಗ ಎಷ್ಟಂತ ಬಿಡ್ಲಿ? ನಾಳಿ ಯಾರರ ಒಂದ ಮಾತು ಅಂದ್ರ ಆಕಿ ಅವ್ವ ಜೀವ ಇಡಂಗಿಲ್ಲ. ಈ ವರ್ಷ ನಮ್ಮ ಕೂಡ ಇರ್ಲಿ. ಮುಂದಿನ ವರ್ಷ ಖರೇ ಹಾಕ್ತೇನಿ."

ನಾನು ಜಗಳಾಡಿದೆ. ದೂರದಿಂದ ಜಗಳಾಡಿ ಗೆಲ್ಲಲಾಗಲಿಲ್ಲ. ಮರುದಿನ ಭಾಲ್ಕಿಯ ನಿಲ್ದಾಣದಲ್ಲಿ ಸುನೀತಾ ಹೈದರಾಬಾದಿನ ಬಸ್ಸು ಹತ್ತಿದಳು. ಟ್ರಂಕನ್ನು ಕಂಡಕ್ಟರು ಮೇಲೆ ಹಾಕಿಸಿದ. ಕಿಟಕಿಯಿಂದ, "ಅಕ್ಕಾ, ನಾ ಸರಿಯಾಗೇ ನೋಡಿ ಒತ್ತಿದ್ದೆ" ಎಂದಳು. ಗೊತ್ತು ಎಂದೆ. ಬಸ್ಸು ಹೋದ ಮೇಲೆ ಅಂಗಡಿಗೆ ಬಂದು ಪೇಂಟರನನ್ನು ಕರೆಸಿ ಗೋಡೆಯ ಮೇಲೆ ಇನ್ನೊಂದು ಸಾಲು ಬರೆಸಿದೆ: ಪುಟ ತೆರೆದರೆ ನಂಬಬೇಡಿ. ಮಕ್ಕಳಿಗೆ ಕಲಿಸಬಾರದ ಪಾಠವನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದೆ.

ಮುಂದಿನ ವರ್ಷವೂ ಮಳೆ ಬರಲಿಲ್ಲ. ಖಟಕ ಚಿಂಚೋಳಿಯ ಆ ಬಾಗಿಲಿನ ಮುಳ್ಳು ಒಣಗಿ ಉದುರಿತು ಎಂದು ಕಾಶಮ್ಮ ಹೇಳಿದಳು. ಅದರ ಮರುವರ್ಷ ಮಳೆ ಬಂತು, ಆದರೆ ಅಷ್ಟರಲ್ಲಿ ಸುನೀತಾಳಿಗೆ ಔರಾದಿನ ಕಡೆಯ ಹುಡುಗನನ್ನು ಗೊತ್ತು ಮಾಡಿದ್ದರು. ನಾನು ಮದುವೆಗೆ ಹೋಗಲಿಲ್ಲ. ಹೋಗಿದ್ದರೆ ಅಕ್ಷತೆ ಹಾಕುವ ಬದಲು ಯಾರಿಗಾದರೂ ಬೈದು ಬರುತ್ತಿದ್ದೆ.

ಹೋದ ಬೇಸಿಗೆಯ ಆ ದಿನ ಪಹಣಿ ಕೈಗೆ ಬಂದ ಮೇಲೆ ನಾನು ನೇರ ಬಸ್ಸಿಗೆ ಹೋಗಲಿಲ್ಲ. ಕೇಳುತ್ತ ಕೇಳುತ್ತ ಅವಳ ಮನೆ ಹುಡುಕಿದೆ. ಸುನೀತಾ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನೋಡಿದವಳೇ ಮೊರ ಬಿಟ್ಟು ಎದ್ದು ನನ್ನ ಕೈ ಹಿಡಿದಳು. ಮೈ ತುಂಬಿಕೊಂಡಿದ್ದಾಳೆ. ಮಾರುತಿಯೂ ಮಗಳ ಮನೆಗೆ ಬಂದಿದ್ದ, ಸೊಂಟ ಬಾಗಿದೆ, ಈಗ ಕಟ್ಟಡದ ಕೆಲಸ ಆಗುವುದಿಲ್ಲವಂತೆ. ಚಹಾ ಬಂತು. ಅಂಗಡಿಯಲ್ಲಿ ನಡೆದದ್ದನ್ನು ಹೇಳಿದೆ, ಆ ಚಕ್ರ ತಿರುಗಿದ್ದು, ನಾನು ಬೈದದ್ದು. ಸುನೀತಾ ನಕ್ಕಳು. ಮಾರುತಿ ನಗಲಿಲ್ಲ.

"ನನಗ ಈಗೂ ಫೋನ್ ಬರ್ತದ್ರಿ ಅಕ್ಕಾ," ಎಂದ.

"ಯಾರದು?"

"ಅವ್ರದೇ. ವರ್ಷಾ ಸಾಲಿ ಸುರು ಆಗೂ ಮುಂದ. ಸುನೀತಾ ಬೇಟಿದು ಅಡ್ಮಿಷನ್ ಆತೇನು, ಸೀಟ್ ಅದ, ಹಾಸ್ಟೆಲ್ ಅದ ಅಂತಾರ. ದನಿ ಬ್ಯಾರೆ ಬ್ಯಾರೆ, ಮಾತು ಅದೇ."

ಬಟ್ಟಲನ್ನು ಕೆಳಗಿಟ್ಟೆ. ಮಾರಿದವರಿಂದ ಕೊಂಡು, ಕೊಂಡವರು ಮತ್ತೊಬ್ಬರಿಗೆ ಮಾರಿ, ಆ ಹುಡುಗಿಯ ಹೆಸರು ಇಂದಿಗೂ ಎಲ್ಲೋ ಬಿಕರಿಯಾಗುತ್ತಿದೆ. ಅಲ್ಲಿ ಅವಳು ಇನ್ನೂ ಎಸ್ಸೆಸ್ಸೆಲ್ಸಿ ಮುಗಿಸಿ ಕಾಯುತ್ತಿರುವ ಹುಡುಗಿ.

"ಹಂತಾ ನಂಬರು ಯಾಕ ಇಟ್ಕೊಂಡೀರಿ ಮಾರುತಿ? ಸಿಮ್ ತಗದು ಒಗೀರಿ. ಇಲ್ಲಾಂದ್ರ ಇಲ್ಲಿ ಕೊಡ್ರಿ, ನಾನೇ ಮುರೀತೀನಿ."

ಆತ ಮೇಲಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡ. ಮಗಳ ಕಡೆ ನೋಡಲಿಲ್ಲ.

"ಬ್ಯಾಡ್ರಿ ಅಕ್ಕಾ. ಆ ಅಧಿಕಾರಿ ಸಾಹೇಬ್ರು ಮುಂದಿನ ವರ್ಷ ಅಂದಿದ್ರಲ್ಲ, ಅವ್ರಿಗಿ ನೀವು ಕೊಟ್ಟು ಬಂದಿದ್ದೂ ಇದೇ ನಂಬರು. ಖರೇ ಹಾಸ್ಟೆಲಿನವ್ರು ಎಂದರ ಒಂದಿನ ಫೋನ್ ಮಾಡಿದ್ರ, ಹತ್ತಬೇಕಲ್ಲ?"

ಸುನೀತಾ ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು.